ಆಷಾಢದಲ್ಲಿ ಹೋದ ಹೆಸರು

ಮದುವೆಯಾದ ವರ್ಷದ ಆಷಾಢವನ್ನು ಕಂಡುಹಿಡಿದ ಮಹಾನುಭಾವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದಂತೆ, ಅಳಿಯ ಹೆಣ್ಣಿನ ಮನೆಗೆ ಕಾಲಿಡಬಾರದಂತೆ. ಹೆಂಡತಿ ತವರೂರು ಹೆಮ್ಮರಗಾಲಕ್ಕೆ ಹೊರಟು ನಿಂತಳು. ತಿ. ನರಸೀಪುರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಊರವರ ಪಹಣಿ ತೆಗೆದುಕೊಡುತ್ತಾ ಮಂಕು ಕವಿದವನಂತೆ ಕೂರುವುದು ನನ್ನ ಪಾಲಿಗೆ ಬಂತು.

ಅವಳನ್ನು ಸಾಕಿ ಬೆಳೆಸಿದವರು ಅವಳ ಅಜ್ಜಿ. ಹಳೇ ಸೀರೆಯ ಮೆತ್ತನೆ ಬಟ್ಟೆಯಲ್ಲಿ ಎಳೆಗೂಸುಗಳಿಗೆ ಕುಲಾವಿ ಹೊಲಿಯುವುದರಲ್ಲಿ ಅಜ್ಜಿಯದು ಎತ್ತಿದ ಕೈ. ಆ ಕೆಲಸ ಕಲಿತ ನನ್ನ ಹೆಂಡತಿಗೆ ಒಂದೇ ಆಸೆ: ಕುಲಾವಿಗಳನ್ನು ಇಂಟರ್ನೆಟ್ಟಿನಲ್ಲಿ ಮಾರಬೇಕು, ಆ ಅಂಗಡಿಗೆ ಅಜ್ಜಿಯ ಹೆಸರಿರಬೇಕು, ಅದನ್ನು ಅಜ್ಜಿ ಕಣ್ಣಾರೆ ನೋಡಬೇಕು. ಯಾಕೆಂದರೆ ಆ ಹೆಸರು ಯಾವ ಲಗ್ನಪತ್ರಿಕೆಯಲ್ಲೂ ಬಂದದ್ದಿಲ್ಲ. ಎಲ್ಲ ಕಡೆ ಇಂಥವರ ಹೆಂಡತಿ, ಇಂಥವರ ತಾಯಿ, ಅಷ್ಟೇ. ಇಲ್ಲಿಯೂ ನಾನದನ್ನು ಬರೆಯುವುದಿಲ್ಲ. ಬರೆದರೆ ಅದಕ್ಕೂ ಯಾರಾದರೂ ಬೆಲೆ ಕಟ್ಟಿಯಾರು.

ಅವಳು ಹೊರಡುವ ಹಿಂದಿನ ದಿನ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತೆವು. ವೆಬ್‌ಸೈಟಿಗೆ ಹೆಸರು ನೋಂದಾಯಿಸಿಕೊಡುವ ಕಂಪನಿಯೊಂದರ ಪುಟದಲ್ಲಿ ಅಜ್ಜಿಯ ಹೆಸರು ಹಾಕಿ, ಅದರ ಬಾಲಕ್ಕೆ ‘ಕುಲಾವಿ’ ಎಂದು ಸೇರಿಸಿದೆವು. ಲಭ್ಯವಿದೆ ಎಂದು ಹಸಿರು ಅಕ್ಷರದಲ್ಲಿ ಬಂತು. ಬೆಲೆಯೂ ಹೆಚ್ಚಿರಲಿಲ್ಲ. ಕೊಂಡುಬಿಡೋಣ ಎಂದೆ. ಅವಳು ಅಜ್ಜಿಗೆ ಫೋನು ಹಚ್ಚಿದಳು.

“ಕೂಸು ಉಟ್ಟಕ್ ಮುಂಚೆ ಕುಲಾವಿ ಒಲಿಸ್ಬ್ಯಾಡ ಕಣವ್ವ. ನಾಳಿಂದ ಆಸಾಡ. ಸ್ರಾವಣ ಬರ್ಲಿ ತಡಿ. ಎಸ್ರೇನು ಓಡೋದದಾ?”

ಹೆಸರು ಓಡಿಹೋಗುವುದಿಲ್ಲವೆಂದು ನಾನೂ ನಂಬಿದೆ.

ಫೋನಿನಲ್ಲಾದರೂ ಮನಸ್ಸು ಬಿಚ್ಚಿ ಮಾತಾಡೋಣವೆಂದರೆ ಅವರದು ಒಂದೇ ಅಂಕಣದ ಮನೆ, ಪಕ್ಕದಲ್ಲೇ ಅಜ್ಜಿ. ಇವಳು ‘ಹೂಂ’, ‘ಉಹೂಂ’ ಬಿಟ್ಟು ಮೂರನೆಯ ಮಾತಾಡುತ್ತಿರಲಿಲ್ಲ. ಹಾಗಾಗಿ ನಮ್ಮಲ್ಲೊಂದು ರೂಢಿ ಬೆಳೆಯಿತು. ದೀಪ ಹಚ್ಚುವ ಹೊತ್ತಿಗೆ ಅವಳು ಅಲ್ಲಿ, ನಾನು ಇಲ್ಲಿ, ಅದೇ ಪುಟ ತೆರೆದು ಅಜ್ಜಿಯ ಹೆಸರು ಹುಡುಕುವುದು. ಹಸಿರು ಕಂಡ ಕೂಡಲೇ ಅವಳಿಂದ “ಅದೆ ಕಣ್ರೀ” ಎಂದು ಮೆಸೇಜು ಬರುತ್ತಿತ್ತು. ನಾನೂ “ಅದೆ” ಎಂದು ಕಳಿಸುತ್ತಿದ್ದೆ. ಅಷ್ಟರಲ್ಲೇ ಎಲ್ಲ ಹೇಳಿಕೊಂಡಂತಾಗುತ್ತಿತ್ತು. ಕೆಲವು ದಿನ ಮನಸ್ಸು ತಡೆಯದೆ ಮಧ್ಯಾಹ್ನವೂ ಹುಡುಕುತ್ತಿದ್ದೆವು.

ಒಮ್ಮೆ ನಂಜನಗೂಡಿಗೇ ಬಸ್ಸು ಹತ್ತಿಬಿಟ್ಟೆ. ದಾರ ಕೊಳ್ಳುವ ನೆಪ ಹೇಳಿ ಅವಳೂ ಬಂದಳು. ತಾಳಿ ಕಟ್ಟಿಸಿಕೊಂಡ ಹೆಂಡತಿಯ ಜೊತೆ ಕಪಿಲೆಯ ಮೆಟ್ಟಿಲ ಮೇಲೆ ಕಳ್ಳನ ಹಾಗೆ ಕೂತು ಕಡ್ಲೆಕಾಯಿ ತಿಂದೆ. ಅಲ್ಲೂ ಹೆಸರು ಹುಡುಕಿದೆವು. ಅವಳ ಬಸ್ಸು ತಿರುವು ದಾಟುವವರೆಗೂ ಕಡ್ಲೆಕಾಯಿ ಪೊಟ್ಟಣ ಹಿಡಿದು ನಿಂತಿದ್ದೆ. ಈಗ ದಿನವೂ ಎದುರಿಗೇ ಇರುತ್ತಾಳೆ, ಆದರೂ ಆ ಸಂಜೆಯನ್ನು ನೆನೆದರೆ ಅವಳಿಗಾಗಿ ಜೀವ ಹಂಬಲಿಸುತ್ತದೆ.

ಆಷಾಢ ಮುಗಿಯುತ್ತಾ ಬಂದಿತ್ತು. ಒಂದು ಸಂಜೆ ಮೆಸೇಜು ಬಂತು: “ಇಲ್ಲ ಕಣ್ರೀ.”

ಹೌದು, ಹಸಿರು ಹೋಗಿತ್ತು. ಹೆಸರು ಬೇರೆ ಯಾರದೋ ಆಗಿದೆ, ಬೇಕಿದ್ದರೆ ಮಾರಾಟಕ್ಕಿದೆ ಎಂದು ಬರೆದಿತ್ತು. ಕೇಳಿದ ಬೆಲೆಗೆ ನಮ್ಮ ಮದುವೆಯ ಛತ್ರ ಇನ್ನೊಂದು ಸಲ ಹಿಡಿಯಬಹುದಿತ್ತು. ಕಂಪನಿಗೆ ಫೋನು ಮಾಡಿದೆ. ಆ ಕಡೆಯವನು ಬಲು ನಯವಾಗಿ ಹೇಳಿದ: “ಡಿಮ್ಯಾಂಡ್ ಇರೋ ಹೆಸರು ಸರ್. ತುಂಬಾ ಜನ ಹುಡುಕ್ತಿದಾರೆ. ನಮ್ ಮೂಲಕಾನೇ ಮಾತಾಡಿ ಕೊಡಿಸ್ತೀವಿ, ಅದಕ್ಕೆ ಬೇರೆ ಫೀಸ್ ಆಗುತ್ತೆ.”

ಫೋನಿಟ್ಟ ಮೇಲೆ ಹೊಳೆಯಿತು. ಆ ತುಂಬಾ ಜನ ನಾವಿಬ್ಬರೇ. ಹೆಮ್ಮರಗಾಲದ ಮುದುಕಿಯ ಹೆಸರು ಲೋಕದಲ್ಲಿ ಇನ್ಯಾರಿಗೆ ಬೇಕಿತ್ತು? ಜನ ಯಾವ ಹೆಸರು ಹುಡುಕುತ್ತಾರೆಂದು ನೋಡಿಕೊಂಡು, ಅದನ್ನು ದುಬಾರಿಗೆ ಮಾರಲು ಮೊದಲೇ ಹಿಡಿದಿಟ್ಟುಕೊಳ್ಳುವವರು ಈ ದಂಧೆಯಲ್ಲಿದ್ದಾರೆಂದು ಆಮೇಲೆ ತಿಳಿದವರು ಹೇಳಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರಲಿ? ನನ್ನ ಹತ್ತಿರ ಸಾಕ್ಷಿಯೂ ಇರಲಿಲ್ಲ. ನಮ್ಮ ವಿರಹವನ್ನೇ ಗಿರಾಕಿಗಳ ಸಾಲು ಎಂದು ಎಣಿಸಿದರಲ್ಲ ಎಂದು ಮೈಯೆಲ್ಲ ಉರಿದುಹೋಯಿತು.

ಶ್ರಾವಣದಲ್ಲಿ ಇಬ್ಬರೂ ಅಜ್ಜಿಯ ಮುಂದೆ ಕೂತು ನಡೆದದ್ದನ್ನು ಹೇಳಿದೆವು. ಹೇಳುತ್ತಾ ನನ್ನ ಹೆಂಡತಿ ಅತ್ತಳು. ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

“ನನ್ನೆಸ್ರುಗೆ ಅಷ್ಟೊಂದು ಬೆಲೆಯಾ? ನಿಮ್ ತಾತ ಇರೋಗಂಟ ‘ಲೇ’ ಅಂತ್ಲೇ ಕೂಗ್ದ. ಕೊಟ್ಟುಗಿಟ್ಟೀರಿ ಅಳೀಮಯ್ಯ. ಬೇಕು ಅಂದಾಗ ಎಸ್ರಿಡ್ದು ಕೂಗಿ, ಓ ಅಂತೀನಿ. ದುಡ್ ಕೇಳಾಕಿಲ್ಲ.”

ಅವತ್ತಿನಿಂದ ನನ್ನ ಹೆಂಡತಿ ತವರಿಗೆ ಹೋದಾಗಲೆಲ್ಲ ಬೀದಿಯಿಂದಲೇ ಹೆಸರು ಹಿಡಿದು ಕೂಗುತ್ತಿದ್ದಳು. ಒಳಗಿನಿಂದ “ಓ” ಎಂದು ಬರುತ್ತಿತ್ತು. ಕುಲಾವಿ ಅಂಗಡಿಗೆ ಬೇರೊಂದು ಹೆಸರು ಕೊಂಡೆವು. ವ್ಯಾಪಾರ ಪರವಾಗಿಲ್ಲ.

ಕಳೆದ ಮಾಘದಲ್ಲಿ ಅಜ್ಜಿ ತೀರಿಕೊಂಡರು. ಈ ಆಷಾಢದಲ್ಲಿ ಆ ಕಂಪನಿಯಿಂದ ಮೇಲ್ ಬಂತು. ಹೆಸರನ್ನು ಕೊಳ್ಳುವವರೇ ಸಿಕ್ಕಿಲ್ಲವೆಂದು ಕಾಣುತ್ತದೆ, ನಮಗಾಗಿ ವಿಶೇಷ ರಿಯಾಯಿತಿಯಂತೆ. ಈಗಿನ ಬೆಲೆ ಮೊದಲ ದಿನ ಕಂಡ ಬೆಲೆಗಿಂತ ಸ್ವಲ್ಪವೇ ಹೆಚ್ಚು.

“ಕೊಂಡ್ಕೊಳೋಣ್ವಾ?” ಎಂದು ಕೇಳಿದೆ.

ಅವಳು ಅಜ್ಜಿಯ ಹಳೇ ಸೀರೆಯೊಂದನ್ನು ಬಿಚ್ಚಿ ಕುಲಾವಿ ಹೊಲಿಯುತ್ತಿದ್ದಳು. ಸೂಜಿ ನಿಂತಿತು. ತಲೆ ಎತ್ತದೆಯೇ ಹೇಳಿದಳು:

“ಕೂಗಿದ್ರೆ ಓ ಅಂತದಾ, ಕೇಳಿ ಅವ್ರನ್ನ.”