ಯಾರ ಪಾಳಿ ಮೊದಲು? ಮಾಯವ್ವನನ್ನು ಕೇಳಿ

ಹುನಗುಂದದಿಂದ ಇಳಕಲ್ಲಿಗೆ ಹೋಗುವ ಹೆದ್ದಾರಿ. ಇನ್ನೂ ನಸುಕು. ಎರಡೂ ಮಗ್ಗುಲಿನ ಹಳ್ಳಿಗಳ ದಾರಿ ಬಂದು ಕೂಡುವಲ್ಲಿ ಮಾಯವ್ವ ಸೆರಗು ಬಿಗಿದು ನಿಂತಿದ್ದಾಳೆ. ಕೈಯಲ್ಲಿ ಕೆಂಪು ಬಟ್ಟೆ. ಲಾರಿಯಿಂದ ಹೊರಚಾಚಿದ ಸರಕಿನ ತುದಿಗೆ ಕಟ್ಟುತ್ತಾರಲ್ಲ, ಅಂಥದ್ದು. ಯಾರೋ ಡ್ರೈವರ್ ಕೊಟ್ಟುಹೋದದ್ದು.

ಇಳಕಲ್ಲಿನ ಕಡೆಯಿಂದ ಕಲ್ಲು ಹೇರಿದ ಲಾರಿ ಬರುತ್ತಿದೆ. ಹಳ್ಳಿಯ ದಾರಿಯಲ್ಲಿ ಜೋಳದ ಕಣಕಿ ಹೇರಿದ ಕಲ್ಲಪ್ಪನ ಎತ್ತಿನ ಚಕ್ಕಡಿ.

"ತಡಿಯೋ ಕಲ್ಲಪ್ಪಾ, ಅಂವ ದೊಡ್ಡ ರಸ್ತೇದಾಗ ಅದಾನ. ಅವನ ಪಾಳಿ ಮದಲ."

ಲಾರಿ ದಾಟುತ್ತದೆ. ಮಾಯವ್ವ ಅದರ ಬೆನ್ನ ಹಿಂದೆ ಇಣುಕಿ ನೋಡಿ, ಆಮೇಲೆ, "ಹೂಂ, ಹೊಡಿ ಇನ್ನ" ಅನ್ನುತ್ತಾಳೆ. ಚಕ್ಕಡಿ ಗಡಗಡ ಸದ್ದು ಮಾಡುತ್ತ ಆಚೆ ಸೇರುತ್ತದೆ.

ಮಾಯವ್ವನನ್ನು ಇಲ್ಲಿ ಯಾರೂ ನೇಮಿಸಿಲ್ಲ. ಬೇವಿನ ಗಿಡದ ಕೆಳಗಿನ ಚಾದಂಗಡಿ ಆಕೆಯದು. ಚಾ ಕುದಿಸುವವನು ಮಾತ್ರ ಗಂಡ ಹುಲ್ಲಪ್ಪ. "ನನಗಿಂತ ಚಲೋ ಕುದಸ್ತಾನ್ರಿ, ಆದ್ರ ಸಕ್ಕರಿ ಕೈ ಭಾಳ ದೊಡ್ಡದು" ಎಂದು ನಗುತ್ತಾಳೆ.

ಹುಲ್ಲಪ್ಪ ಕುರಿ ಕಾಯುತ್ತಿದ್ದವ. ಎಂಬತ್ತನೇ ಇಸವಿಯ ಬೇಸಿಗೆಯಲ್ಲಿ ಹಿಂಡು ಹೊಡೆದುಕೊಂಡು ಇದೇ ರಸ್ತೆ ದಾಟುತ್ತಿದ್ದ. ಲಾರಿಯವನೊಬ್ಬ ನಿಂತು, ಹೋಗು ಎಂದು ಕೈ ಮಾಡಿದ. ಹುಲ್ಲಪ್ಪ ನಂಬಿ ಹೆಜ್ಜೆ ಇಟ್ಟ. ನಿಂತ ಲಾರಿಯ ಹಿಂದಿನಿಂದ ಇನ್ನೊಂದು ಲಾರಿ ಪಕ್ಕಕ್ಕೆ ಹೊರಳಿ ನುಗ್ಗಿ ಬಂತು. ಕುರಿ ಸತ್ತವು. ಹುಲ್ಲಪ್ಪನ ಬಲಗಾಲು ಮೊಣಕಾಲಿನವರೆಗೆ ಹೋಯಿತು.

ದವಾಖಾನೆಯಲ್ಲಿ ಅವನ ಪಕ್ಕ ಕೂತ ಮಾಯವ್ವನಿಗೆ ಒಂದೇ ಪ್ರಶ್ನೆ. "ನಿಂತಾಂವ ಒಳ್ಳ್ಯಾಂವನ ಇದ್ದ. ಮತ್ತ ಹಿಂಗ್ಯಾಕಾತು?"

ಅಂಗಡಿ ಇಟ್ಟ ಮೇಲೆ ಚಾಕ್ಕೆ ಬಂದ ಡ್ರೈವರುಗಳನ್ನೆಲ್ಲ ಕೇಳತೊಡಗಿದಳು: ನಾಕು ದಾರಿ ಕೂಡಿದಲ್ಲಿ ಯಾರು ಮೊದಲು ಹೋಗಬೇಕು? ದೊಡ್ಡ ಗಾಡಿ ಎಂದ ಒಬ್ಬ. ಮೊದಲು ಹಾರ್ನ್ ಹೊಡೆದವನು ಎಂದ ಇನ್ನೊಬ್ಬ. ಮತ್ತೊಬ್ಬ, "ಧೈರ್ಯ ಇದ್ದಾಂವ" ಎಂದು ಮೀಸೆ ತಿರುವಿದ.

ಕಡೆಗೆ ದಾವಲಸಾಬ ಎಂಬ ಹಳೆಯ ಡ್ರೈವರ್ ಬೆಂಚಿನ ಮೇಲೆ ಖಾಲಿ ಗ್ಲಾಸುಗಳನ್ನೇ ಗಾಡಿ ಮಾಡಿ ಸರಿಸಿ ತೋರಿಸಿದ. ಸಣ್ಣ ದಾರಿಯಿಂದ ಬಂದವನು ನಿಂತು ದೊಡ್ಡ ದಾರಿಯವನನ್ನು ಬಿಡಬೇಕು. ಎರಡೂ ಸಮ ಇದ್ದರೆ ಬಲಗಡೆಯಿಂದ ಬರುವವನು ಮೊದಲು. "ಮತ್ತ ಮುಂದಿನಾಂವ ನಿಂತಾನಂದ್ರ ಸುಮ್ಮನ ನಿಂತಿರಂಗಿಲ್ಲ ಬೇ ತಂಗಿ, ಯಾರೋ ದಾಟಾಕತ್ತಿರ್ತಾರ. ಅವನ್ನ ಹಿಂದ ಹಾಕಿ ಹೋಗಬಾರದು."

ಮಾಯವ್ವನಿಗೆ ಬೇಕಾಗಿದ್ದ ಉತ್ತರ ಅದು. ಮರುದಿನವೇ ರಸ್ತೆಗಿಳಿದಳು.

ಬೈಗುಳಕ್ಕೆ ಬರವಿರಲಿಲ್ಲ. ಒಬ್ಬ ಹರೆಯದ ಡ್ರೈವರ್ ತಲೆ ಹೊರಹಾಕಿ, "ಯಾರ ಹುಕುಂ ಐತಿ ನಿನಗ?" ಎಂದು ಕೂಗಿದ್ದ. "ಹುಕುಂ ಏನಿಲ್ಲೋ ತಮ್ಮಾ. ಇಳದು ಬಾ, ನನ್ನ ಗಂಡನ ಕಾಲ ನೋಡಿ ಹೋಗು" ಎಂದಿದ್ದಳು ಮಾಯವ್ವ. ಅವನು ಇಳಿಯಲಿಲ್ಲ.

ಹೋದ ಸುಗ್ಗಿಯಲ್ಲಿ ಬಳೆ ಮಾರುವ ಖೈರುನಬಿ ದಾಟಲು ನಿಂತಿದ್ದಳು. ಲಾರಿಯೊಂದು ನಿಂತು ದಾರಿ ಬಿಟ್ಟಿತು. ಖೈರುನಬಿ ನಡುರಸ್ತೆಗೆ ಬಂದಾಗ ಹಿಂದಿನ ಲಾರಿ ಹೊರಳುವುದು ಮಾಯವ್ವನ ಕಣ್ಣಿಗೆ ಬಿತ್ತು. ಓಡಿಹೋಗಿ ಅವಳ ರಟ್ಟೆ ಹಿಡಿದು ಜಗ್ಗಿದಳು. ಬಳೆಯ ಬುಟ್ಟಿ ಗಾಲಿಯ ಕೆಳಗೆ ಪುಡಿಪುಡಿಯಾಯಿತು. ಖೈರುನಬಿ ಉಳಿದಳು.

ಆ ಹಿಂದಿನ ಲಾರಿಯಿಂದ ಇಳಿದು ಬಂದವನು ಹುಕುಂ ಕೇಳಿದ ಅದೇ ಹುಡುಗ. ಹುಲ್ಲಪ್ಪ ಕೊಟ್ಟ ಚಾ ಹಿಡಿದು ಬೆಂಚಿನ ಮೇಲೆ ಕೂತ. ಹುಲ್ಲಪ್ಪನ ಕಾಲಿನ ಕಡೆ ನೋಡಿದ. "ಬೈಯಾಕ ಮನಸಾಗಲಿಲ್ರಿ. ಅಂವ ನನಗಿಂತ ಹೆಚ್ಚ ಅಂಜಿದ್ದ" ಎನ್ನುತ್ತಾಳೆ ಮಾಯವ್ವ.

ಏನು ಆಸೆ ಎಂದು ಕೇಳಿದರೆ, ನಿಂತು ನೋಡಿ ದಾಟಿ ಎಂದು ಇಲ್ಲೊಂದು ಬೋರ್ಡು ಹಾಕಿದರೆ ಸಾಕು ಎನ್ನುತ್ತಾಳೆ. ಆಮೇಲೆ ಈ ಮಳೆಗಾಲದ ಸಂಗತಿ ಹೇಳುತ್ತಾಳೆ. ಜ್ವರ ಹಿಡಿದು ಕೆಲವು ದಿನ ಬಾಗಲಕೋಟೆಯ ಅಕ್ಕನ ಮನೆಯಲ್ಲಿ ಮಲಗಿದ್ದಳು. ಹುಲ್ಲಪ್ಪನೂ ಜೊತೆಗೆ ಹೋಗಿದ್ದ, ಅಂಗಡಿ ಮುಚ್ಚಿತ್ತು. ವಾಪಸು ಬರುವಾಗ, ದಾರಿಗಳು ಕೂಡುವ ಈ ಜಾಗ ಹತ್ತಿರವಾದಂತೆ, ಬಸ್ಸಿನ ಕಿಟಕಿಯಿಂದ ಕಣ್ಣು ಕೀಲಿಸಿ ನೋಡಿದಳು. ಹಳ್ಳಿಯ ದಾರಿಯಿಂದ ಬಂದ ಟ್ರ್ಯಾಕ್ಟರು ಹೆದ್ದಾರಿಯ ಅಂಚಿಗೆ ನಿಂತಿತು. ಡ್ರೈವರ್ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಬಸ್ಸು ಹೋಗಲೆಂದು ಕಾದ.

"ನಾ ಅಲ್ಲಿ ಇದ್ದಿಲ್ರಿ," ಮಾಯವ್ವ ಬೆರಗಿನಿಂದ ಹೇಳುತ್ತಾಳೆ. "ಆದ್ರೂ ಅಂವ ನಿಂತಿದ್ದ."