ಕಂಬಳಿಯ ಮೇಲೆ ಒಣಹಾಕಿದ ಬೀಜ

ಜೋಳ ಬಿತ್ತಲು ಇನ್ನು ಮೂರು ದಿನ ಇದ್ದವು. ಆ ಮುಂಜಾನೆ ನಮ್ಮ ಬೆಕ್ಕು ಬಚ್ಚಲ ನೀರು ಹರಿಯುವಲ್ಲಿ ಬೆಳೆದ ಗರಿಕೆ ತಿಂದು ಕಟ್ಟೆಯ ಮೇಲೆ ಕಕ್ಕಿತು. ಹುಲ್ಲು, ಸ್ವಲ್ಪ ನೊರೆ, ಬೆರಳುದ್ದದ ಕೂದಲ ಸುರುಳಿ. ಆಮೇಲೆ ರೊಟ್ಟಿ ಬಡಿಯುತ್ತಿದ್ದ ನನ್ನ ಸೆರಗು ಎಳೆಯತೊಡಗಿತು. ಹಾಲಲ್ಲಿ ನೆನೆಸಿದ ರೊಟ್ಟಿ ತಿಂದು ಒಳಮನೆಯ ಕಂಬಳಿಯ ಮೇಲೆ ಮಲಗಿತು.

ಅದು ನನ್ನ ಗಂಡನ ಕಂಬಳಿ. ಅವರು ತೀರಿ ಎಂಟು ತಿಂಗಳಾಗಿತ್ತು. ಮರಿಯಿದ್ದಾಗ ಬೆಕ್ಕನ್ನು ದೇವರ ಹಿಪ್ಪರಗಿ ಸಂತೆಯಿಂದ ಚೀಲದಲ್ಲಿ ಹಾಕಿಕೊಂಡು ತಂದವರು ಅವರೇ. ಅವರು ಹೋದ ಮೇಲೂ ಅದು ಆ ಕಂಬಳಿ ಬಿಟ್ಟು ಬೇರೆಡೆ ಮಲಗಲಿಲ್ಲ. ಯಂಕಂಚಿಯ ಆ ಮನೆಯಲ್ಲಿ ಅವರ ದಾರಿ ನೋಡುವವರು ನಾವಿಬ್ಬರೇ ಎಂದು ನನಗೆ ಅನಿಸುತ್ತಿತ್ತು.

ಮರುದಿನ ಮೈದುನ ಬೀಜದ ಜೋಳವನ್ನು ಮೈಲುತುತ್ತದ ನೀಲಿ ನೀರಲ್ಲಿ ಅದ್ದಿ ತೆಗೆದ. ಹಾಗೆ ಮಾಡಿದರೆ ತೆನೆಯ ಕಾಳು ಕಪ್ಪು ಪುಡಿಯಾಗುವ ಕಾಡಿಗೆ ರೋಗ ಬರುವುದಿಲ್ಲ. ವರ್ಷವೂ ಗೋಣಿತಾಟಿನ ಮೇಲೆ ಒಣಗಿಸುತ್ತಿದ್ದೆವು. ಆ ವರ್ಷ ತಾಟು ಹರಿದಿತ್ತು. ದಪ್ಪನೆಯದು ಏನಾದರೂ ಕೊಡೆಂದು ಅವನು ಕೇಳಿದಾಗ ಆ ಕಂಬಳಿಯನ್ನು ತಂದು ಅಂಗಳದಲ್ಲಿ ಹಾಸಿದವಳು ನಾನೇ. ಅವರ ಹೊಲದ ಬೀಜ ಅವರ ಕಂಬಳಿಯ ಮೇಲೆಯೇ ಒಣಗಲಿ ಅಂದುಕೊಂಡೆ. ಎತ್ತು ಬಾಯಿ ಹಾಕದಂತೆ ದೂರ ಕಟ್ಟಿದೆವು. ಬೆಕ್ಕು ಜೋಳ ತಿನ್ನುವುದಿಲ್ಲ. ಅದರ ಯೋಚನೆಯೇ ಬರಲಿಲ್ಲ.

ಮಧ್ಯಾಹ್ನ ನೋಡಿದರೆ ಅದು ಹಸಿ ಬೀಜದ ನಡುವೆ ಮಲಗಿತ್ತು. ಓಡಿಸಿದೆ. ಕಟ್ಟೆಯ ಮೇಲೆ ಕೂತು ಮೈಯೆಲ್ಲ ನೆಕ್ಕಿಕೊಂಡಿತು. ನಾನು ಅದನ್ನು ನೋಡುತ್ತಲೇ ಜೋಳಕ್ಕೆ ಕೈಯಾಡಿಸಿದೆ.

ಸಂಜೆ ಕಕ್ಕಿತು. ಬೇಳೆ ಆರಿಸುತ್ತಿದ್ದ ಅತ್ತೆ ತಲೆಯೆತ್ತದೆಯೇ ಹೇಳಿದರು.

“ನಿನ್ನಿ ಗರಿಕಿ ತಿಂದಿತ್ತಲ್ಲ. ಕಕ್ಕಿ ಹೊಟ್ಟಿ ತೊಳಕೋತೈತಿ, ಬಿಡು. ನಮಗಿಂತ ಶಾಣ್ಯಾ ಐತಿ ಅದು.”

ನಾನೂ ನಂಬಿದೆ. ಮೇಲೆ ಬೂದಿ ಹಾಕಿ ಬಳಿದು ಚೆಲ್ಲಿದೆ. ಹಸಿದಿರಬೇಕೆಂದು ಹಾಲಿಟ್ಟೆ. ಅದನ್ನೂ ಕಕ್ಕಿತು. ಮತ್ತೆ ಹಾಲಿಟ್ಟೆ. ಬೆಳಗಾಗುವಷ್ಟರಲ್ಲಿ ಅದಕ್ಕೆ ಎದ್ದು ನಿಲ್ಲಲಾಗುತ್ತಿರಲಿಲ್ಲ.

ಸಿಂದಗಿಯ ದನದ ದವಾಖಾನೆಗೆ ಹೋಗೋಣವೆಂದೆ. “ಬೆಕ್ಕಿಗೆ ಗಾಡಿ ಹೂಡಿದ್ರ ಊರು ನಗತೈತಿ, ವೈನಿ,” ಎಂದ ಮೈದುನ. ನಾನು ಬೆಕ್ಕನ್ನು ಮಲಗಿಸಿದ್ದ ಬುಟ್ಟಿಯೊಳಗೆ ಬಗ್ಗಿ ನೋಡಿದ. ಹೋಗಿ ಎತ್ತು ಹೂಡಿದ.

ಡಾಕ್ಟರು ಅದರ ಒಸಡು ನೋಡಿದರು. “ಕಕ್ಕಿದ್ದು ಯಾವ ಬಣ್ಣ ಇತ್ತವ್ವಾ?”

“ಹಸರು ಇತ್ರಿ. ಹುಲ್ಲಿಂದು ಅಂತ ತಿಳಕೊಂಡಿದ್ದೆರಿ.”

“ಅದರಾಗ ಹುಲ್ಲು ಇತ್ತೇನು?”

ಇರಲಿಲ್ಲ. ಹುಲ್ಲೂ ಇರಲಿಲ್ಲ, ಕೂದಲೂ ಇರಲಿಲ್ಲ. ನೀಲಿ ಬೆರೆತ ಹಸಿರು ನೀರಷ್ಟೇ ಇತ್ತು. ಆಗ ಬೀಜದ ಮಾತು ಹೇಳಿದೆ. ಮೈಲುತುತ್ತ ವಿಷ, ಮೈ ನೆಕ್ಕಿಕೊಂಡಾಗ ಹೊಟ್ಟೆಗೆ ಹೋಗಿದೆ, ಕಂಬಳಿಯಿಂದ ಎಬ್ಬಿಸಿದಾಗಲೇ ಮೈ ತೊಳೆಯಬೇಕಿತ್ತು, ಕಕ್ಕುವ ಬೆಕ್ಕಿಗೆ ಮೇಲಿಂದ ಮೇಲೆ ಹಾಲಿಡಬಾರದಿತ್ತು, ಎರಡನೆಯ ಸಲ ಕಕ್ಕಿದ ಕೂಡಲೇ ತರಬೇಕಿತ್ತು ಎಂದರು. ಗದರಿಸಲಿಲ್ಲ. ಒಂದು ಸೂಜಿ ಹಾಕಿ, ಮನೆಗೆ ಒಯ್ಯಿರಿ ಎಂದರು.

ಊರ ಹಳ್ಳ ದಾಟುವ ಮುಂಚೆಯೇ ಸತ್ತಿತು. ಮೈದುನ ಗಾಡಿ ನಿಲ್ಲಿಸಿ, ತನ್ನ ರುಮಾಲು ಬಿಚ್ಚಿ ಬುಟ್ಟಿಗೆ ಮುಚ್ಚಿದ.

ಆ ಬೀಜವನ್ನೇ ಬಿತ್ತಿದೆವು. ಒಂದು ತೆನೆಗೂ ಕಾಡಿಗೆ ಹತ್ತಲಿಲ್ಲ. ಕಂಬಳಿಯನ್ನು ಮೂರು ಸಲ ಒಗೆದೆ. ನೀಲಿ ಹೋಯಿತು. ಅದರ ಜೊತೆಗೆ ಬೆಕ್ಕಿನ ಕೂದಲು, ಅವರ ಬೀಡಿಯ ವಾಸನೆ ಎರಡೂ ಹೋದವು. ಒಳಮನೆಯಲ್ಲಿ ಅದೇ ಜಾಗದಲ್ಲಿ ಹಾಸಿದ್ದೇನೆ. ಅದರ ಮೇಲೆ ಮಲಗುವವರು ಯಾರೂ ಇಲ್ಲ.