ಹಗ್ಗ ಹಿಡಿದವರಿಗೆಲ್ಲ ಪಾಲು

"ತಕೊಳ್ಳಿ ಮಾಷ್ಟ್ರೇ, ನಿಮ್ಮ ಪಾಲು!" ಕಾಪು ಕಡಲ ತಡಿಯಲ್ಲಿ ಹಿರಿಯ ಮೀನುಗಾರರೊಬ್ಬರು ನನ್ನ ಮುಂದೆ ಬೂತಾಯಿ ಮೀನು ಸುರಿದಾಗ ತಬ್ಬಿಬ್ಬಾದೆ. ಅದು ಎಪ್ಪತ್ತರ ದಶಕ. ಚರ್ಚಿನ ಹಬ್ಬಕ್ಕೆ ಹೊಸ ಭಕ್ತಿಗೀತೆ ಬರೆದುಕೊಡಲು ಒಪ್ಪಿಕೊಂಡು, ಒಂದು ಸಾಲೂ ಹೊಳೆಯದೆ ಅಲ್ಲಿ ಅಡ್ಡಾಡುತ್ತಿದ್ದೆ. ರಂಪಣಿ ಬಲೆ ಇನ್ನೇನು ದಡ ಮುಟ್ಟಬೇಕು ಅನ್ನುವಾಗ, ಎಳೆಯುತ್ತಿದ್ದವರ ಜೊತೆ ನಾನೂ ಹಗ್ಗಕ್ಕೆ ಕೈ ಹಾಕಿದ್ದೆ, ಅಷ್ಟೇ.

"ನಾನು ಈಗ ತಾನೇ ಬಂದವನು, ನನಗೆಂತಕ್ಕೆ?" ಎಂದೆ.

"ಹಗ್ಗ ಹಿಡಿದವರಿಗೆಲ್ಲ ಪಾಲು ಉಂಟು. ಯಾವಾಗ ಬಂದದ್ದು ಅಂತ ನಾವು ಕೇಳುವುದಿಲ್ಲ ಮಾರಾಯ್ರೇ!"

ಮೀನಿನ ಚೀಲ ಹಿಡಿದು ಮನೆ ಸೇರುವಷ್ಟರಲ್ಲಿ, 'ಕೊನೆಗೆ ಬಂದವನಿಗೂ ಪಾಲು ಕೊಡುವ ದೇವರೇ' ಎಂಬ ಪಲ್ಲವಿ ಸಿದ್ಧವಾಗಿತ್ತು.

ಇಂದಿಗೂ ಆ ಹಾಡನ್ನು ಎಲ್ಲರಿಗಿಂತ ಜೋರಾಗಿ ಹಾಡುವವರು, ಚರ್ಚಿನ ಪೂಜೆಗೆ ತಡವಾಗಿ ಬಂದು ಬಾಗಿಲಲ್ಲೇ ನಿಂತವರು.